ಕೊರೊನಾ ಬಂದವರಿಗೆ ಪಾರ್ಶ್ವವಾಯು ಏಕೆ? ಉತ್ತರದ ತಳಪಾಯ ಹಾಕಿದ ರುಡಾಲ್ಫ್ ವಿರ್ಚೋ

ಕೊರೊನಾ ಎಂದರೆ ಶ್ವಾಸಕೋಶದ ಕಾಯಿಲೆ ಎಂದೇ ನೀವು ಮೊದಲು ಕೇಳಿರುತ್ತೀರಿ. ಕೆಮ್ಮು, ಜ್ವರ, ಏದುಸಿರು, ಆಕ್ಸಿಜನ್ ಸಿಲಿಂಡರ್. 2020 ಮತ್ತು 2021ರ ನೆನಪುಗಳು ಹೆಚ್ಚಾಗಿ ಇವುಗಳ ಸುತ್ತಲೇ ಇವೆ. ಆದರೆ ಅದೇ ದಿನಗಳಲ್ಲಿ ಕೆಲವು ಮನೆಗಳಲ್ಲಿ ಬೇರೊಂದು ಬಗೆಯ ಆಘಾತವಾಯಿತು. ಸೋಂಕು ತಗುಲಿದ್ದವರ ಬಾಯಿ ಇದ್ದಕ್ಕಿದ್ದಂತೆ ಒಂದು ಕಡೆಗೆ ಸೊಟ್ಟಗಾಯಿತು, ಒಂದು ಕೈ ಮೇಲೇಳಲಿಲ್ಲ, ಮಾತು ತೊದಲಿತು. ಕೆಲವರಿಗೆ ಜ್ವರ ಇಳಿದು, ಇನ್ನು ಭಯವಿಲ್ಲ ಎಂದುಕೊಳ್ಳುವ ಹೊತ್ತಿನಲ್ಲಿ ಹೀಗಾಯಿತು. ಇದೇ ಪಾರ್ಶ್ವವಾಯು. ಮನೆಮಾತಿನಲ್ಲಿ ಲಕ್ವ, ಆಸ್ಪತ್ರೆಯಲ್ಲಿ ಸ್ಟ್ರೋಕ್.

ಮೂಗು ಗಂಟಲಿನಿಂದ ಒಳಹೊಕ್ಕ ವೈರಸ್ ಮಿದುಳಿನ ರಕ್ತನಾಳವನ್ನು ಮುಚ್ಚುವುದು ಹೇಗೆ? ಈ ಪ್ರಶ್ನೆಗೆ ವೈದ್ಯರು ಕೊಡುವ ಉತ್ತರದ ತಳಪಾಯ ಹಾಕಿದವರು ಕೊರೊನಾ ಹೆಸರನ್ನೇ ಕೇಳದೆ 1902ರಲ್ಲಿ ತೀರಿಕೊಂಡ ಜರ್ಮನ್ ವೈದ್ಯ ರುಡಾಲ್ಫ್ ವಿರ್ಚೋ. ಪಿಯುಸಿಯಲ್ಲಿ ಜೀವಶಾಸ್ತ್ರ ಓದಿದ್ದರೆ, ಹೊಸ ಜೀವಕೋಶ ಹುಟ್ಟುವುದು ಇನ್ನೊಂದು ಜೀವಕೋಶದಿಂದಲೇ ಎಂಬ ಪಾಠದ ಜೊತೆಗೆ ಇವರ ಹೆಸರು ನಿಮಗೆ ನೆನಪಿರಬಹುದು. ರಕ್ತದ ಹೆಪ್ಪಿನ ಬಗ್ಗೆ ಇವರು ಕಂಡುಕೊಂಡದ್ದು ಪಠ್ಯಪುಸ್ತಕದಲ್ಲಿ ಅಷ್ಟಾಗಿ ಬರುವುದಿಲ್ಲ. ಪ್ರಾಣ ಉಳಿಸುವ ವಿಷಯಕ್ಕೆ ಬಂದರೆ ಅದೂ ಅಷ್ಟೇ ಮುಖ್ಯ.

ಸೈನ್ಯದ ಖರ್ಚಿನಲ್ಲಿ ವೈದ್ಯಕೀಯ ಓದು

ವಿರ್ಚೋ ಹುಟ್ಟಿದ್ದು 1821ರ ಅಕ್ಟೋಬರ್ 13ರಂದು, ಪ್ರಷ್ಯಾ ರಾಜ್ಯದ ಪೊಮೆರೇನಿಯಾ ಪ್ರಾಂತದ ಒಂದು ಪುಟ್ಟ ಊರಿನಲ್ಲಿ. ಆ ಊರು ಈಗ ಪೋಲೆಂಡ್ ದೇಶಕ್ಕೆ ಸೇರಿದೆ. ತಂದೆ ಬೇಸಾಯಗಾರರು, ಜೊತೆಗೆ ಊರಿನ ಖಜಾಂಚಿ. ಒಬ್ಬನೇ ಮಗ. ಮನೆಯಲ್ಲಿ ಹೆಚ್ಚಿನ ಅನುಕೂಲವಿರಲಿಲ್ಲ, ಹುಡುಗ ಮಾತ್ರ ಓದಿನಲ್ಲಿ ಚುರುಕು. ಪ್ರತಿಭೆಯಿದ್ದೂ ಹಣವಿಲ್ಲದ ಹುಡುಗರನ್ನು ಸೈನ್ಯದ ವೈದ್ಯರನ್ನಾಗಿ ತಯಾರು ಮಾಡುವ ಸಂಸ್ಥೆಯೊಂದು ಆಗ ಬರ್ಲಿನ್‌ನಲ್ಲಿತ್ತು. 1839ರಲ್ಲಿ ವಿರ್ಚೋ ಅಲ್ಲಿಗೆ ಸೇರಿ, 1843ರಲ್ಲಿ ವೈದ್ಯ ಪದವಿ ಪಡೆದರು.

ನಂತರ ಬರ್ಲಿನ್‌ನ ಹೆಸರಾಂತ ಶಾರಿಟೆ ಆಸ್ಪತ್ರೆಯಲ್ಲಿ ಕೆಲಸ. ಶವ ಪರೀಕ್ಷೆ ನಡೆಯುವ ವಿಭಾಗದಲ್ಲಿ ರಾಬರ್ಟ್ ಫ್ರೋರೀಪ್ ಎಂಬ ಹಿರಿಯರ ಕೈಕೆಳಗೆ ಅವರಿಗೆ ಜಾಗ ಸಿಕ್ಕಿತು. ಎಡೆಬಿಡದೆ ಶವಗಳನ್ನು ಪರೀಕ್ಷಿಸುವುದು, ಸೂಕ್ಷ್ಮದರ್ಶಕದಲ್ಲಿ ನೋಡುವುದು, ಕಂಡದ್ದನ್ನು ಬರೆದಿಡುವುದು ಅವರ ದಿನಚರಿಯಾಯಿತು. 1845ರಲ್ಲಿ, ಇನ್ನೂ 24 ತುಂಬುವ ವಯಸ್ಸಿನಲ್ಲಿ, ಬಿಳಿ ರಕ್ತಕಣಗಳು ಮಿತಿಮೀರಿ ಹೆಚ್ಚಿದ್ದ ರೋಗಿಯೊಬ್ಬರ ವಿವರ ಪ್ರಕಟಿಸಿದರು. ಆ ಕಾಯಿಲೆಗೆ ಲ್ಯುಕೇಮಿಯಾ ಎಂಬ ಹೆಸರು ಕೊಟ್ಟವರೂ ಅವರೇ.

ಹೆಪ್ಪು ಹುಟ್ಟುವುದು ಒಂದೆಡೆ, ಸಿಕ್ಕಿಕೊಳ್ಳುವುದು ಇನ್ನೊಂದೆಡೆ

ಫ್ರೋರೀಪ್ ಈ ಯುವಕನಿಗೆ ಒಪ್ಪಿಸಿದ ವಿಷಯ ಅಭಿಧಮನಿಗಳ ಉರಿಯೂತ, ಅಂದರೆ ಅಶುದ್ಧ ರಕ್ತ ಸಾಗಿಸುವ ನಾಳಗಳ ಊತ. ಆ ಕಾಲದಲ್ಲಿ ಫ್ರಾನ್ಸ್‌ನ ದೊಡ್ಡ ವೈದ್ಯರೊಬ್ಬರು, ಬಹುಪಾಲು ರೋಗಗಳ ಹಿಂದೆ ಈ ಉರಿಯೂತವೇ ಇದೆ ಎಂದು ಹೇಳುತ್ತಿದ್ದರು. ಶ್ವಾಸಕೋಶದ ನಾಳದಲ್ಲಿ ಹೆಪ್ಪು ಕಂಡರೆ, ಅಲ್ಲೇ ಊತವಾಗಿ ಅಲ್ಲೇ ರಕ್ತ ಗಟ್ಟಿಯಾಗಿದೆ ಎಂಬುದು ಅಂದಿನ ತಿಳಿವಳಿಕೆ.

ವಿರ್ಚೋ ಶವಗಳಲ್ಲಿ ಕಂಡದ್ದು ಇದಕ್ಕೆ ಹೊಂದಲಿಲ್ಲ. ಶ್ವಾಸಕೋಶದಲ್ಲಿ ಹೆಪ್ಪು ಸಿಕ್ಕವರ ಕಾಲಿನ ಅಥವಾ ಕಿಬ್ಬೊಟ್ಟೆಯ ಅಭಿಧಮನಿಗಳಲ್ಲೂ ಅನೇಕ ಸಲ ಹೆಪ್ಪು ಇರುತ್ತಿತ್ತು. ಎರಡನ್ನೂ ಪಕ್ಕದಲ್ಲಿಟ್ಟು ನೋಡಿದರೆ ಒಂದರಿಂದ ಮುರಿದ ತುಂಡೇ ಇನ್ನೊಂದು ಎನ್ನುವಂತಿರುತ್ತಿತ್ತು. ಊಹೆ ಸಾಲದು ಎಂದು ಅವರು ನಾಯಿಗಳ ಮೇಲೆ ಪ್ರಯೋಗ ಮಾಡಿದರು. ಕುತ್ತಿಗೆಯ ಅಭಿಧಮನಿಯೊಳಗೆ ರಬ್ಬರಿನ ಚೂರು, ರಕ್ತದ ಹೆಪ್ಪು ಮುಂತಾದವನ್ನು ಬಿಟ್ಟು, ಆಮೇಲೆ ಹುಡುಕಿದರೆ ಅವು ಹೃದಯವನ್ನು ದಾಟಿ ಶ್ವಾಸಕೋಶದ ನಾಳಗಳಲ್ಲಿ ಸಿಕ್ಕಿಕೊಂಡಿದ್ದವು.

ಹೀಗೆ ಎರಡು ಬೇರೆ ಬೇರೆ ಘಟನೆಗಳು ಸ್ಪಷ್ಟವಾದವು. ರಕ್ತನಾಳದೊಳಗೆ ರಕ್ತ ಹೆಪ್ಪುಗಟ್ಟುವುದು ಒಂದು. ಅದಕ್ಕೆ ವಿರ್ಚೋ ಥ್ರಾಂಬೋಸಿಸ್ ಎಂದರು. ಆ ಹೆಪ್ಪಿನ ತುಂಡು ಕಳಚಿ, ರಕ್ತದೊಡನೆ ಸಾಗಿ, ದೂರದ ಕಿರಿದಾದ ನಾಳದಲ್ಲಿ ಸಿಕ್ಕಿಕೊಳ್ಳುವುದು ಇನ್ನೊಂದು. ಅದಕ್ಕೆ ಎಂಬೋಲಿಸಂ ಎಂದರು. ಹೃದಯದ ಎಡಭಾಗದಲ್ಲಿ ಹುಟ್ಟಿದ ಹೆಪ್ಪು ಅಪಧಮನಿಗಳ ಮೂಲಕ ಮಿದುಳು, ಮೂತ್ರಪಿಂಡ, ಕಾಲುಗಳವರೆಗೂ ಹೋಗಬಹುದು ಎಂಬುದನ್ನೂ ಅವರು ವಿವರಿಸಿದರು. ಇಂದು ನಿಮ್ಮ ವೈದ್ಯರು ಚೀಟಿಯಲ್ಲಿ ಬರೆಯುವ ಆ ಎರಡು ಪದಗಳು ಅಂದಿನವೇ.

ಪಾರ್ಶ್ವವಾಯುವಿನ ಮಟ್ಟಿಗೆ ಇದು ದೊಡ್ಡ ತಿರುವು. ಮಿದುಳಿನಲ್ಲಿ ರಕ್ತಸ್ರಾವವಾಗಿ ಮನುಷ್ಯ ಕುಸಿಯಬಹುದು ಎಂದು 1658ರಲ್ಲೇ ಸ್ವಿಸ್ ವೈದ್ಯ ವೆಪ್ಫರ್ ತೋರಿಸಿದ್ದರು. ಆದರೆ ಇಂದು ನಮಗೆ ಗೊತ್ತಿರುವಂತೆ, ಹತ್ತರಲ್ಲಿ ಸುಮಾರು ಎಂಟು ಪಾರ್ಶ್ವವಾಯು ಪ್ರಕರಣಗಳಿಗೆ ಕಾರಣ ರಕ್ತಸ್ರಾವವಲ್ಲ, ರಕ್ತನಾಳ ಮುಚ್ಚಿಹೋಗುವುದು. ಆ ಮುಚ್ಚುವ ಹೆಪ್ಪು ಎಲ್ಲಿಂದ ಬಂತು, ಏಕೆ ಬಂತು ಎಂದು ಕೇಳುವುದನ್ನು ಕಲಿಸಿದವರು ವಿರ್ಚೋ.

ಮೂರು ಕಾರಣಗಳು, ಕೊರೊನಾದಲ್ಲಿ ಮೂರೂ ಒಟ್ಟಿಗೆ

ರಕ್ತ ನಾಳದೊಳಗೇ ಹೆಪ್ಪುಗಟ್ಟಲು ಮೂರು ದಾರಿಗಳಿವೆ ಎಂದು ಇಂದಿಗೂ ವೈದ್ಯಕೀಯ ವಿದ್ಯಾರ್ಥಿಗಳು ಕಲಿಯುತ್ತಾರೆ. ನಾಳದ ಒಳಪದರಕ್ಕೆ ಗಾಯವಾಗುವುದು, ರಕ್ತದ ಹರಿವು ನಿಧಾನವಾಗುವುದು ಅಥವಾ ಕದಡುವುದು, ರಕ್ತವೇ ಹೆಪ್ಪುಗಟ್ಟುವ ಗುಣವನ್ನು ಹೆಚ್ಚಿಸಿಕೊಳ್ಳುವುದು. ಇದಕ್ಕೆ ವಿರ್ಚೋ ತ್ರಿಕ ಎಂದು ಹೆಸರು. ಅವರು ಈ ಮೂರನ್ನು ಇದೇ ರೂಪದಲ್ಲಿ ಪಟ್ಟಿ ಮಾಡಿರಲಿಲ್ಲ. ಅವರ ಬರಹಗಳಲ್ಲಿ ಚದುರಿದ್ದ ವಿಚಾರಗಳನ್ನು ಒಟ್ಟುಗೂಡಿಸಿ ಅವರ ಹೆಸರಿಟ್ಟದ್ದು ಅವರು ತೀರಿಕೊಂಡು ದಶಕಗಳಾದ ಮೇಲೆ.

ಈಗ ಕೊರೊನಾ ವೈರಸ್ ಏನು ಮಾಡುತ್ತದೆ ನೋಡಿ.

ಮೊದಲನೆಯದು ಒಳಪದರ. ಆರೋಗ್ಯವಂತರ ರಕ್ತನಾಳದ ಒಳಮೈ ನಯವಾಗಿರುತ್ತದೆ, ರಕ್ತ ಅಂಟದಂತೆ ತಡೆಯುವ ವಸ್ತುಗಳನ್ನು ಅದು ತಾನೇ ತಯಾರಿಸುತ್ತದೆ. ವೈರಸ್ ದೇಹದ ಕೋಶಗಳಿಗೆ ಅಂಟಿಕೊಳ್ಳಲು ಬಳಸುವ ಎಸಿಇ2 ಎಂಬ ಪ್ರೋಟೀನ್ ಈ ಒಳಪದರದಲ್ಲೂ ಇದೆ. ವೈರಸ್‌ನಿಂದಲೋ, ವೈರಸ್ ವಿರುದ್ಧ ದೇಹ ಎಬ್ಬಿಸುವ ಉರಿಯೂತದಿಂದಲೋ ಆ ಪದರ ಹಾಳಾದರೆ, ಪ್ಲೇಟ್‌ಲೆಟ್‌ಗಳು ಅಲ್ಲಿ ಅಂಟಿಕೊಳ್ಳತೊಡಗುತ್ತವೆ.

ಎರಡನೆಯದು ರಕ್ತದ ಗುಣ. ತೀವ್ರ ಸೋಂಕಿನಲ್ಲಿ ಫೈಬ್ರಿನೋಜೆನ್‌ನಂತಹ ಹೆಪ್ಪುಗಟ್ಟಿಸುವ ಪ್ರೋಟೀನ್‌ಗಳು ರಕ್ತದಲ್ಲಿ ಏರುತ್ತವೆ. ಹಾಲಿಗೆ ಬಿದ್ದ ಹೆಪ್ಪು ಹೆಚ್ಚಾದಂತೆ ಎಂದುಕೊಳ್ಳಿ. ಎರಡನೇ ಅಲೆಯಲ್ಲಿ ಡಿ-ಡೈಮರ್ ಎಂಬ ಪರೀಕ್ಷೆಯ ಹೆಸರು ಮನೆಮಾತಾಗಿತ್ತಲ್ಲವೇ? ದೇಹದೊಳಗೆ ಹೆಪ್ಪು ಹುಟ್ಟಿ ಕರಗುವಾಗ ಉಳಿಯುವ ಚೂರುಗಳ ಅಳತೆ ಅದು.

ಮೂರನೆಯದು ಹರಿವು. ವಾರಗಟ್ಟಲೆ ಮಲಗಿಯೇ ಇರುವುದು, ಜ್ವರ ಬೇಧಿಯಿಂದ ನೀರಿನಂಶ ಕಡಿಮೆಯಾಗುವುದು, ಹೃದಯ ದುರ್ಬಲವಾಗುವುದು ಅಥವಾ ಅದರ ಬಡಿತ ಲಯ ತಪ್ಪುವುದು, ಇವೆಲ್ಲ ರಕ್ತವನ್ನು ನಿಧಾನಗೊಳಿಸುತ್ತವೆ. ಲಯ ತಪ್ಪಿದ ಹೃದಯದಲ್ಲಿ ನಿಂತ ರಕ್ತ ಹೆಪ್ಪಾಗಿ, ಅಲ್ಲಿಂದ ಮಿದುಳಿಗೆ ಚಿಮ್ಮಬಹುದು.

ಮೂರೂ ಒಟ್ಟಿಗೆ ಸೇರಿದರೆ ಏನಾಗುತ್ತದೆ ಎಂಬುದು 2020ರಲ್ಲೇ ಕಾಣಿಸಿತು. ಆ ವರ್ಷದ ಮಾರ್ಚ್ ಕೊನೆ ಮತ್ತು ಏಪ್ರಿಲ್ ಮೊದಲ ವಾರದ ನಡುವಿನ ಎರಡೇ ವಾರಗಳಲ್ಲಿ ನ್ಯೂಯಾರ್ಕ್‌ನ ಒಂದು ಆಸ್ಪತ್ರೆ ಸಮೂಹಕ್ಕೆ, ಮಿದುಳಿನ ದೊಡ್ಡ ನಾಳ ಮುಚ್ಚಿಹೋಗಿದ್ದ ಐವರು ಸೋಂಕಿತರು ಬಂದರು. ಐವರೂ 50 ವರ್ಷದೊಳಗಿನವರು. ಹಿಂದಿನ ವರ್ಷದಲ್ಲಿ ಆ ವಯಸ್ಸಿನ ಇಂತಹ ರೋಗಿಗಳು ಎರಡು ವಾರಕ್ಕೆ ಸರಾಸರಿ ಒಬ್ಬರೂ ಬರುತ್ತಿರಲಿಲ್ಲ. ಅದೇ ನಗರದ ಇನ್ನೊಂದು ಅಧ್ಯಯನದಲ್ಲಿ, ಆಸ್ಪತ್ರೆಗೆ ಬಂದ ಕೊರೊನಾ ರೋಗಿಗಳಲ್ಲಿ ಶೇ 1.6ರಷ್ಟು ಜನರಿಗೆ ಪಾರ್ಶ್ವವಾಯು ಕಂಡಿತು. ಹಿಂದಿನ ವರ್ಷಗಳ ಫ್ಲೂ ರೋಗಿಗಳಲ್ಲಿ ಅದು ಶೇ 0.2 ಮಾತ್ರ.

ಈ ಅಂಕಿಗಳನ್ನು ನೋಡಿ ಗಾಬರಿಯಾಗಬೇಡಿ. ಇವು ಲಸಿಕೆ ಬರುವ ಮುಂಚಿನ, ಆಸ್ಪತ್ರೆ ಸೇರುವಷ್ಟು ಕಾಯಿಲೆಯಾದವರ ಅಂಕಿಗಳು. ನೂರರಲ್ಲಿ 98 ಮಂದಿಗೆ ಆಗಲೂ ಪಾರ್ಶ್ವವಾಯು ಆಗಲಿಲ್ಲ. ಆದರೆ ಬಿಪಿ, ಮಧುಮೇಹ, ಹೃದ್ರೋಗ, ಧೂಮಪಾನದ ಅಭ್ಯಾಸ ಇರುವವರಿಗೆ ಅಪಾಯ ಹೆಚ್ಚು. ಅಮೆರಿಕದ ಮಾಜಿ ಸೈನಿಕರ ದೊಡ್ಡ ಅಧ್ಯಯನವೊಂದು, ಸೋಂಕಿನಿಂದ ಚೇತರಿಸಿಕೊಂಡ ನಂತರದ ಒಂದು ವರ್ಷದಲ್ಲೂ ಪಾರ್ಶ್ವವಾಯುವಿನ ಅಪಾಯ ಸೋಂಕು ತಗುಲದವರಿಗಿಂತ ಶೇ 52ರಷ್ಟು ಹೆಚ್ಚಿತ್ತು ಎಂದು 2022ರಲ್ಲಿ ತೋರಿಸಿತು.

ಟೈಫಸ್ ವರದಿ, ಕಳೆದುಕೊಂಡ ಕೆಲಸ

ವಿರ್ಚೋ ಬರೀ ಪ್ರಯೋಗಾಲಯದ ಮನುಷ್ಯರಾಗಿದ್ದರೆ ಅವರ ಕಥೆ ಇಲ್ಲಿಗೆ ಮುಗಿಯುತ್ತಿತ್ತು. 1848ರ ಫೆಬ್ರವರಿಯಲ್ಲಿ ಪ್ರಷ್ಯಾ ಸರ್ಕಾರ ಅವರನ್ನು ಅಪ್ಪರ್ ಸೈಲೀಷಿಯಾ ಎಂಬ ಪ್ರದೇಶಕ್ಕೆ ಕಳಿಸಿತು. ಅಲ್ಲಿ ಟೈಫಸ್ ಜ್ವರ ಹಬ್ಬಿತ್ತು, ಬೆಳೆ ಕೈಕೊಟ್ಟು ಹಸಿವೂ ತಾಂಡವವಾಡುತ್ತಿತ್ತು. ಈ ಜ್ವರವನ್ನು ಹರಡುವುದು ಮೈಮೇಲಿನ ಹೇನು ಎಂದು ಗೊತ್ತಾಗಲು ಇನ್ನೂ 60 ವರ್ಷ ಬಾಕಿಯಿತ್ತು.

26ರ ಹರೆಯದ ವೈದ್ಯ ಸುಮಾರು ಮೂರು ವಾರ ಅಲ್ಲಿ ಸುತ್ತಾಡಿದರು. ಇಕ್ಕಟ್ಟಾದ ಗುಡಿಸಲು, ಆಲೂಗಡ್ಡೆ ಬಿಟ್ಟರೆ ಬೇರೆ ಆಹಾರವಿಲ್ಲದ ಬದುಕು, ಶಾಲೆಯಿಲ್ಲ, ರಸ್ತೆಯಿಲ್ಲ. ಜನ ಆಡುವುದು ಪೋಲಿಷ್, ಅಧಿಕಾರಿಗಳದು ಜರ್ಮನ್. ಸರ್ಕಾರ ನಿರೀಕ್ಷಿಸಿದ್ದು ಔಷಧಿಯ ಸಲಹೆ. ವಿರ್ಚೋ ಬರೆದು ಕೊಟ್ಟದ್ದು ಬೇರೆಯೇ. ಜನರಿಗೆ ಶಿಕ್ಷಣ ಬೇಕು, ಅವರ ಭಾಷೆಗೆ ಸ್ಥಾನ ಬೇಕು, ತೆರಿಗೆಯ ಹೊರೆ ಬಡವರ ಮೇಲಿಂದ ಇಳಿಯಬೇಕು, ರಸ್ತೆಗಳಾಗಬೇಕು, ತಮ್ಮನ್ನು ತಾವೇ ಆಳಿಕೊಳ್ಳುವ ಹಕ್ಕು ಸಿಗಬೇಕು. ಕಾಯಿಲೆಯ ಬೇರು ಅಲ್ಲಿದೆ ಎಂಬುದು ಅವರ ವರದಿಯ ಸಾರ.

ಬರ್ಲಿನ್‌ಗೆ ಮರಳಿದ ಕೆಲವೇ ದಿನಗಳಲ್ಲಿ ಅಲ್ಲಿ ಕ್ರಾಂತಿ ಎದ್ದಿತು. ವಿರ್ಚೋ ಜನರ ಪರ ಬೀದಿಗಿಳಿದರು. ವೈದ್ಯಕೀಯ ಸುಧಾರಣೆಗೆಂದೇ ಒಂದು ವಾರಪತ್ರಿಕೆ ಶುರು ಮಾಡಿದರು. ಕ್ರಾಂತಿ ಸೋತ ಮೇಲೆ, 1849ರಲ್ಲಿ, ಸರ್ಕಾರ ಅವರನ್ನು ಶಾರಿಟೆಯ ಹುದ್ದೆಯಿಂದ ತೆಗೆಯಿತು. ವಿರೋಧ ಬಂದಾಗ ಷರತ್ತಿನ ಮೇಲೆ ಉಳಿಸಿಕೊಂಡರೂ, ಅದೇ ವರ್ಷ ಅವರು ಬರ್ಲಿನ್ ಬಿಟ್ಟು ದಕ್ಷಿಣದ ವ್ಯೂರ್ಟ್ಸ್‌ಬರ್ಗ್ ವಿಶ್ವವಿದ್ಯಾಲಯಕ್ಕೆ ಹೊರಟರು. ಮರುವರ್ಷ ರೋಸ್ ಮೇಯರ್ ಅವರನ್ನು ಮದುವೆಯಾದರು. ಮುಂದೆ ಆರು ಮಕ್ಕಳಾದರು.

ಜೀವಕೋಶದಿಂದ ಒಳಚರಂಡಿಯವರೆಗೆ

ವ್ಯೂರ್ಟ್ಸ್‌ಬರ್ಗ್‌ನ ಏಳು ವರ್ಷ ಅವರ ಸಂಶೋಧನೆಯ ಸುಗ್ಗಿಕಾಲ. ಥ್ರಾಂಬೋಸಿಸ್, ಎಂಬೋಲಿಸಂ ಕುರಿತ ಬರಹಗಳ ಸಂಗ್ರಹ 1856ರಲ್ಲಿ ಹೊರಬಂತು. ಅದೇ ವರ್ಷ ಬರ್ಲಿನ್ ಅವರನ್ನು ವಾಪಸ್ ಕರೆಯಿತು, ಅವರಿಗೆಂದೇ ಹೊಸ ಸಂಸ್ಥೆ ಕಟ್ಟಿಕೊಟ್ಟಿತು. 1858ರಲ್ಲಿ ಅಲ್ಲಿ ಕೊಟ್ಟ 20 ಉಪನ್ಯಾಸಗಳು ಪುಸ್ತಕವಾದವು. ರೋಗ ಹುಟ್ಟುವುದು ಇಡೀ ದೇಹದಲ್ಲಿ ಹರಿದಾಡುವ ಯಾವುದೋ ದ್ರವದ ಏರುಪೇರಿನಿಂದಲ್ಲ, ಜೀವಕೋಶದಲ್ಲಿ ಎಂಬುದು ಅದರ ತಿರುಳು. ಇಂದು ಬಯಾಪ್ಸಿ ಮಾಡಿ ಕೋಶಗಳನ್ನು ನೋಡಿ ಕ್ಯಾನ್ಸರ್ ಪತ್ತೆ ಮಾಡುವುದರ ಹಿಂದೆ ಇದೇ ತಿಳಿವಳಿಕೆ ಇದೆ.

1859ರಲ್ಲಿ ಅವರು ಬರ್ಲಿನ್ ನಗರಸಭೆಗೆ ಆಯ್ಕೆಯಾದರು, ಸಾಯುವವರೆಗೂ ಅದರ ಸದಸ್ಯರಾಗಿದ್ದರು. ಆಗಿನ ಬರ್ಲಿನ್‌ನಲ್ಲಿ ಕೊಳಚೆ ಬೀದಿಯ ಚರಂಡಿಯಲ್ಲೇ ಹರಿಯುತ್ತಿತ್ತು. ನಗರಕ್ಕೆ ಒಳಚರಂಡಿ ಬೇಕೆಂದು ವಿರ್ಚೋ ವರ್ಷಗಟ್ಟಲೆ ಅಂಕಿ ಅಂಶಗಳ ಸಮೇತ ವಾದಿಸಿದರು. 1873ರಲ್ಲಿ ಎಂಜಿನಿಯರ್ ಹೋಬ್ರೆಕ್ಟ್ ಯೋಜನೆಯಂತೆ ಕೆಲಸ ಆರಂಭವಾಯಿತು. ಸಂಸತ್ತಿನಲ್ಲಿ ಅವರು ಬಿಸ್ಮಾರ್ಕ್‌ರ ಕಟು ಟೀಕಾಕಾರರು. 1865ರಲ್ಲಿ ಬಿಸ್ಮಾರ್ಕ್ ಅವರನ್ನು ದ್ವಂದ್ವಯುದ್ಧಕ್ಕೇ ಕರೆದಿದ್ದರು, ವಿರ್ಚೋ ಒಪ್ಪಲಿಲ್ಲ.

ದೊಡ್ಡವರೂ ಎಡವುತ್ತಾರೆ

ಇಷ್ಟೆಲ್ಲ ಮಾಡಿದ ಮನುಷ್ಯ ಕೆಲವು ಕಡೆ ತಪ್ಪಿದರು. ಹೊಸ ಕೋಶ ಹಳೆಯ ಕೋಶ ಸೀಳಿಯೇ ಹುಟ್ಟುತ್ತದೆ ಎಂದು ರಾಬರ್ಟ್ ರೆಮಾಕ್ ಎಂಬ ವಿಜ್ಞಾನಿ ಮೊದಲೇ ತೋರಿಸಿದ್ದರು. ಅವರಿಗೆ ಸಲ್ಲಬೇಕಾದ ಮನ್ನಣೆಯನ್ನು ವಿರ್ಚೋ ಕೊಡಲಿಲ್ಲ ಎಂಬ ಆಕ್ಷೇಪ ಇಂದಿಗೂ ಇದೆ. ಹೆರಿಗೆ ಮಾಡಿಸುವ ವೈದ್ಯರು ಕೈ ತೊಳೆದರೆ ಬಾಣಂತಿಯರ ಸಾವು ತಪ್ಪುತ್ತದೆ ಎಂದ ಸೆಮ್ಮೆಲ್‌ವೈಸ್ ಅವರ ಮಾತನ್ನು ಒಪ್ಪಲಿಲ್ಲ. ಸೂಕ್ಷ್ಮಜೀವಿಗಳೇ ರೋಗ ತರುತ್ತವೆ ಎಂಬ ಹೊಸ ವಾದವನ್ನೂ ಬಹುಕಾಲ ಅನುಮಾನದಿಂದಲೇ ನೋಡಿದರು. ಬಡತನ, ಕೊಳಕು, ಹಸಿವನ್ನು ಕಣ್ಣಾರೆ ಕಂಡಿದ್ದ ಅವರಿಗೆ, ಕಣ್ಣಿಗೆ ಕಾಣದ ಒಂದು ಜೀವಿಯ ಮೇಲೆ ಎಲ್ಲ ಹೊಣೆ ಹೊರಿಸುವುದು ಸರಿ ಎನಿಸಿರಲಿಲ್ಲ.

ಕೊರೊನಾ ಈ ಎರಡೂ ಬಣಗಳ ಮಾತನ್ನು ಸೇರಿಸಿತು. ಕಾಯಿಲೆ ತಂದದ್ದು ವೈರಸ್ಸೇ. ಆದರೆ ಯಾರ ದೇಹ ಮೊದಲೇ ದುರ್ಬಲವಾಗಿತ್ತು, ಯಾರ ಬಿಪಿ ಹತೋಟಿಯಲ್ಲಿರಲಿಲ್ಲ, ಯಾರಿಗೆ ಹತ್ತಿರದಲ್ಲಿ ಆಸ್ಪತ್ರೆಯಿತ್ತು, ಯಾರು ಹತ್ತಡಿ ಕೋಣೆಯಲ್ಲಿ ಆರು ಮಂದಿ ಇದ್ದರು ಎಂಬುದೂ ಯಾರು ಉಳಿದರು ಎಂಬುದನ್ನು ತೀರ್ಮಾನಿಸಿತು.

1902ರ ಜನವರಿಯಲ್ಲಿ, 80 ದಾಟಿದ್ದ ವಿರ್ಚೋ ಬರ್ಲಿನ್‌ನಲ್ಲಿ ಟ್ರಾಮ್‌ನಿಂದ ಇಳಿಯುವಾಗ ಬಿದ್ದು ತೊಡೆಮೂಳೆ ಮುರಿದುಕೊಂಡರು. ಪೂರ್ತಿ ಚೇತರಿಸಿಕೊಳ್ಳಲಿಲ್ಲ. ಸೆಪ್ಟೆಂಬರ್ 5ರಂದು ತೀರಿಕೊಂಡರು. 25ನೇ ವಯಸ್ಸಿನಲ್ಲಿ ಅವರು ಆರಂಭಿಸಿದ ವೈದ್ಯಕೀಯ ನಿಯತಕಾಲಿಕ ಇಂದಿಗೂ ಅವರ ಹೆಸರಿನಲ್ಲಿ ಬರುತ್ತಿದೆ.

ನಿಮ್ಮ ಮನೆಯಲ್ಲಿ ನೆನಪಿಡಬೇಕಾದ್ದು

ಹೆಪ್ಪು ಹೇಗೆ ಬರುತ್ತದೆ ಎಂದು ವಿರ್ಚೋ ತಿಳಿಸಿದರು. ಅದನ್ನು ಕರಗಿಸುವ, ತೆಗೆಯುವ ದಾರಿ ಅವರ ಕಾಲದಲ್ಲಿರಲಿಲ್ಲ, ಈಗ ಇದೆ. ಹೆಪ್ಪು ಕರಗಿಸುವ ಇಂಜೆಕ್ಷನ್ ಲಕ್ಷಣ ಶುರುವಾದ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು. ದೊಡ್ಡ ನಾಳ ಮುಚ್ಚಿದ್ದರೆ ಸಣ್ಣ ಕೊಳವೆ ತೂರಿಸಿ ಹೆಪ್ಪನ್ನು ಹೊರತೆಗೆಯುವ ಚಿಕಿತ್ಸೆಯನ್ನು ಆಯ್ದ ರೋಗಿಗಳಿಗೆ 24 ಗಂಟೆಯವರೆಗೂ ಮಾಡುತ್ತಾರೆ. ಆದರೆ ಬೇಗ ಹೋದಷ್ಟೂ ಒಳ್ಳೆಯದು. ದೊಡ್ಡ ನಾಳ ಮುಚ್ಚಿದಾಗ ಪ್ರತಿ ನಿಮಿಷಕ್ಕೆ ಸುಮಾರು 19 ಲಕ್ಷ ನರಕೋಶಗಳು ಸಾಯುತ್ತವೆ.

ಆದ್ದರಿಂದ ಮನೆಯಲ್ಲಿ ಯಾರಿಗಾದರೂ ಅನುಮಾನ ಬಂದರೆ ಮೂರು ವಿಷಯ ನೋಡಿ. ನಗಲು ಹೇಳಿ, ಬಾಯಿ ಒಂದು ಕಡೆ ಜೋತುಬೀಳುತ್ತದೆಯೇ? ಎರಡೂ ಕೈ ಮುಂದೆ ಚಾಚಲು ಹೇಳಿ, ಒಂದು ಕೈ ಕೆಳಗೆ ಜಾರುತ್ತದೆಯೇ? ಒಂದು ಸರಳ ವಾಕ್ಯ ಹೇಳಿಸಿ, ಮಾತು ತೊದಲುತ್ತದೆಯೇ? ಇದ್ದಕ್ಕಿದ್ದಂತೆ ಕಣ್ಣು ಮಂಜಾಗುವುದು, ನಡಿಗೆ ತೂರಾಡುವುದು, ಹಿಂದೆಂದೂ ಬಾರದಂತಹ ತಲೆನೋವು ಬರುವುದು ಕೂಡ ಲಕ್ಷಣಗಳೇ. ಒಂದು ಕಂಡರೂ ಸಾಕು, 112ಕ್ಕೆ ಅಥವಾ ನಿಮ್ಮ ರಾಜ್ಯದಲ್ಲಿ 108 ಇದ್ದರೆ ಅದಕ್ಕೆ ಕರೆ ಮಾಡಿ. ಸಿಟಿ ಸ್ಕ್ಯಾನ್ ಇರುವ ಆಸ್ಪತ್ರೆಗೇ ಹೋಗಿ. ಸ್ವಲ್ಪ ಹೊತ್ತಿನಲ್ಲಿ ಲಕ್ಷಣ ತಾನಾಗಿಯೇ ಹೋದರೂ ತೋರಿಸಲೇಬೇಕು. ದೊಡ್ಡ ಆಘಾತಕ್ಕೆ ಅದು ಮುನ್ಸೂಚನೆಯಾಗಿರಬಹುದು.

ಮನೆಯಲ್ಲಿ ಆಸ್ಪಿರಿನ್ ಕೊಡಬೇಡಿ. ಮಿದುಳಿನಲ್ಲಿ ಹೆಪ್ಪಿದೆಯೋ ರಕ್ತಸ್ರಾವವಾಗಿದೆಯೋ ಸ್ಕ್ಯಾನ್ ಇಲ್ಲದೆ ಯಾರಿಗೂ ಹೇಳಲಾಗದು, ರಕ್ತಸ್ರಾವವಾಗಿದ್ದರೆ ಆ ಮಾತ್ರೆಯಿಂದ ಕೆಡುಕೇ ಹೆಚ್ಚು. ನೀರು, ಕಾಫಿ, ಮಾತ್ರೆ ಏನನ್ನೂ ಬಾಯಿಗೆ ಹಾಕಬೇಡಿ, ಗಂಟಲಿಗೆ ಸಿಕ್ಕಿಕೊಂಡೀತು. ನಾಟಿ ಮದ್ದು, ಎಣ್ಣೆ ತಿಕ್ಕುವುದು ಎಂದು ಸಮಯ ಕಳೆಯಬೇಡಿ.

ಮುಂಬೈ, ಪುಣೆ, ದೆಹಲಿಯಲ್ಲಿ ಮಕ್ಕಳ ಜೊತೆ ಇರುವ ಅಪ್ಪ ಅಮ್ಮಂದಿರ ವಿಷಯದಲ್ಲಿ ಇನ್ನೊಂದು ಮಾತು. ಅಲ್ಲಿನ ನರ್ಸ್‌ಗೆ ಕನ್ನಡ ಬಾರದಿದ್ದರೆ, ಹಿರಿಯರು ತೊದಲುತ್ತಿರುವುದನ್ನು ಭಾಷೆಯ ತೊಡಕು ಎಂದುಕೊಳ್ಳುವ ಸಾಧ್ಯತೆಯಿದೆ. ಇವರು ದಿನವೂ ಚೆನ್ನಾಗಿ ಮಾತಾಡುತ್ತಾರೆ, ಈಗ ಮಾತ್ರ ಹೀಗಾಗಿದೆ ಎಂದು ನೀವೇ ಮೊದಲು ಹೇಳಿ. ಅವರು ಸರಿಯಾಗಿದ್ದುದನ್ನು ಕೊನೆಯ ಬಾರಿ ಎಷ್ಟು ಗಂಟೆಗೆ ನೋಡಿದಿರಿ, ಇತ್ತೀಚೆಗೆ ಕೊರೊನಾ ಅಥವಾ ಬೇರೆ ಜ್ವರ ಬಂದಿತ್ತೇ, ಯಾವ ಮಾತ್ರೆ ತೆಗೆದುಕೊಳ್ಳುತ್ತಿದ್ದಾರೆ, ಈ ಮೂರನ್ನೂ ತಿಳಿಸಿ.

ಸೋಂಕು ಬಂದಾಗ ಸಾಕಷ್ಟು ನೀರು ಕುಡಿಯಿರಿ, ಜ್ವರ ಇಳಿದ ಮೇಲೆ ಕೋಣೆಯಲ್ಲಾದರೂ ಓಡಾಡಿ, ಬಿಪಿ ಮತ್ತು ಶುಗರ್ ಮಾತ್ರೆಗಳನ್ನು ಬಿಡಬೇಡಿ. ರಕ್ತ ತೆಳುವಾಗಿಸುವ ಔಷಧವನ್ನು ಆಸ್ಪತ್ರೆ ಸೇರಿದವರಿಗೆ ವೈದ್ಯರು ಅಳೆದು ಕೊಡುತ್ತಾರೆ. ಸೌಮ್ಯ ಸೋಂಕಿಗೆ ಮನೆಯಲ್ಲಿ ಅದನ್ನು ನೀವಾಗಿಯೇ ನುಂಗಬಾರದು. ಲಸಿಕೆಯಿಂದಲೂ ಹೆಪ್ಪು ಬರುತ್ತದಂತೆ ಎಂದು ನೀವು ಕೇಳಿರಬಹುದು. ಕೋವಿಶೀಲ್ಡ್ ಮಾದರಿಯ ಲಸಿಕೆ ಪಡೆದ ಕೆಲವೇ ವಾರಗಳಲ್ಲಿ, ತೀರಾ ಅಪರೂಪಕ್ಕೆ ಹಾಗಾದದ್ದು ನಿಜ. ಆದರೆ ಸೋಂಕಿನಿಂದ ಬರುವ ಹೆಪ್ಪಿನ ಅಪಾಯ ಅದಕ್ಕಿಂತ ಬಹಳ ದೊಡ್ಡದು.

ಇಂದೇ ಒಂದು ಕೆಲಸ ಮಾಡಿ. ನಿಮ್ಮ ಮನೆಗೆ ಹತ್ತಿರದಲ್ಲಿ ಹಗಲು ರಾತ್ರಿ ಸಿಟಿ ಸ್ಕ್ಯಾನ್ ಮತ್ತು ಪಾರ್ಶ್ವವಾಯು ಚಿಕಿತ್ಸೆ ಸಿಗುವ ಆಸ್ಪತ್ರೆ ಯಾವುದು ಎಂದು ವಿಚಾರಿಸಿ, ಅದರ ನಂಬರನ್ನು ಮನೆಯವರೆಲ್ಲರ ಫೋನಿನಲ್ಲೂ ಹಾಕಿಡಿ.